ಕುದುರೆಯ ರಕ್ತ ಎಂಟಡಿ ಮೂರಿಂಚು ಏರಿದಾಗ

ಈ ಪ್ರಕರಣದ ರೋಗಿ ಒಂದು ಹೆಣ್ಣು ಕುದುರೆ. ವಯಸ್ಸು ಹದಿನಾಲ್ಕರ ಆಸುಪಾಸು. ಹೆಗಲವರೆಗಿನ ಎತ್ತರ ನಾಲ್ಕಡಿ ಎಂಟಿಂಚು. ಹೆಗಲ ಮೇಲೊಂದು ಕೀವು ಸೋರುವ ಹುಣ್ಣು. ತೀರಾ ಬಡಕಲೂ ಅಲ್ಲ, ಮೈತುಂಬಿಕೊಂಡದ್ದೂ ಅಲ್ಲ. ಇದನ್ನೆಲ್ಲ ಬರೆದಿಟ್ಟವನು ವೈದ್ಯನಲ್ಲ. ಇಂಗ್ಲೆಂಡಿನ ಥೇಮ್ಸ್ ದಂಡೆಯ ಟೆಡಿಂಗ್ಟನ್ ಎಂಬ ಊರಿನ ಚರ್ಚಿನ ಪಾದ್ರಿ, ಸ್ಟೀಫನ್ ಹೇಲ್ಸ್ (1677–1761). ಒಂದು ಡಿಸೆಂಬರಿನಲ್ಲಿ ಆತ ಈ ಕುದುರೆಯನ್ನು ಅಂಗಾತ ಮಲಗಿಸಿ ಕಟ್ಟಿಸಿದ, ತೊಡೆಯ ಅಪಧಮನಿಯನ್ನು ತೆರೆದು ಅದಕ್ಕೊಂದು ಕೊಳವೆ ಸಿಕ್ಕಿಸಿದ, ರಕ್ತ ಎಷ್ಟೆತ್ತರ ಏರುತ್ತದೆಂದು ನೋಡಿದ. ವರದಿ ಅಚ್ಚಾದದ್ದು 1733ರಲ್ಲಿ. ಜೀವಂತ ಪ್ರಾಣಿಯ ರಕ್ತದೊತ್ತಡವನ್ನು ನೇರವಾಗಿ ಅಳೆದ ಮೊದಲ ದಾಖಲೆ ಎಂದು ಇದು ಹೆಸರಾಗಿದೆ.

ರಕ್ತ ಮೈಯೊಳಗೆ ಸುತ್ತು ಹೊಡೆಯುತ್ತದೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲೇ ತೋರಿಸಿಕೊಟ್ಟಿದ್ದ. ಆದರೆ ಯಾವ ಬಲದಿಂದ ಸುತ್ತುತ್ತದೆ ಎಂಬುದಕ್ಕೆ ನೂರು ವರ್ಷ ಕಳೆದರೂ ಬರೀ ಊಹೆ, ವಾದ. ಹೇಲ್ಸ್ ಕೇಂಬ್ರಿಜ್‌ನಲ್ಲಿ ನ್ಯೂಟನ್ನನ ಪ್ರಭಾವ ಗಾಢವಾಗಿದ್ದ ಕಾಲದಲ್ಲಿ ಓದಿದವನು. ತೂಗದೆ, ಅಳೆಯದೆ ಆತನಿಗೆ ಸಮಾಧಾನವಿಲ್ಲ. ದ್ರಾಕ್ಷಿ ಬಳ್ಳಿಯನ್ನು ಕತ್ತರಿಸಿ, ಕತ್ತರಿಸಿದ ತುದಿಗೆ ಗಾಜಿನ ಕೊಳವೆ ಕಟ್ಟಿ ಸಸ್ಯರಸದ ಒತ್ತಡವನ್ನು ಅಳೆದು 1727ರಲ್ಲಿ ಪ್ರಕಟಿಸಿದ್ದ. ಕುದುರೆಯ ಮೇಲೆ ಮಾಡಿದ್ದೂ ಅದೇ ಉಪಾಯ, ಬಳ್ಳಿಯ ಬದಲು ಅಪಧಮನಿ.

ಈ ಹಳೇ ಪ್ರಕರಣವನ್ನು ಮತ್ತೆ ತೆರೆಯಲು ಕಾರಣವಿದೆ. "ಬಿ.ಪಿ. ಜಾಸ್ತಿಯಾಗಿದೆ" ಎಂದರೆ ನಮ್ಮಲ್ಲಿ ಬಹಳ ಮಂದಿ ಹೃದಯ ಕೆಟ್ಟಿದೆ ಎಂದೇ ತಿಳಿಯುತ್ತಾರೆ. ಹೇಲ್ಸ್‌ನ ಕೊಳವೆಯಲ್ಲಿ ಕಂಡದ್ದನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಆ ಅಂಕಿ ಹೃದಯದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಕಣ್ಣಿಗೆ ಕಾಣದ ಸಣ್ಣ ಸಣ್ಣ ನಾಳಗಳ ಕಥೆ ಹೇಳುತ್ತದೆ.

ಕೊಳವೆಯ ಜೋಡಣೆ

ಎಡ ತೊಡೆಯ ಅಪಧಮನಿಗೆ, ಹೊಟ್ಟೆಯಿಂದ ಮೂರಿಂಚು ದೂರದಲ್ಲಿ, ಒಂದಿಂಚಿನ ಆರನೇ ಒಂದು ಭಾಗದಷ್ಟು ಒಳವ್ಯಾಸದ ಹಿತ್ತಾಳೆ ನಳಿಕೆ. ಅದಕ್ಕೆ ಇನ್ನೊಂದು ಹಿತ್ತಾಳೆ ನಳಿಕೆ. ಅದರ ಮೇಲೆ ಹೆಚ್ಚುಕಡಿಮೆ ಅಷ್ಟೇ ಒಳವ್ಯಾಸದ, ಒಂಬತ್ತಡಿ ಉದ್ದದ ಗಾಜಿನ ಕೊಳವೆ. ಆಗ ರಬ್ಬರ್ ಟ್ಯೂಬ್ ಇರಲಿಲ್ಲ. ಪ್ರಾಣಿ ಮಿಸುಕಾಡಿದರೆ ಗಾಜು ಒಡೆಯುತ್ತದೆ. ಹಾಗಾಗಿ ಬೇರೆ ಪ್ರಯೋಗಗಳಲ್ಲಿ ಹೇಲ್ಸ್ ಹಿತ್ತಾಳೆಗೂ ಗಾಜಿಗೂ ನಡುವೆ ಬಾತುಕೋಳಿ ಜಾತಿಯ ದೊಡ್ಡ ಹಕ್ಕಿಯೊಂದರ ಶ್ವಾಸನಾಳವನ್ನು ಸೇರಿಸಿದ. ಬಾಗುತ್ತದೆ, ಸೋರುವುದಿಲ್ಲ.

ಅಪಧಮನಿಗೆ ಬಿಗಿದಿದ್ದ ದಾರ ಬಿಚ್ಚಿದೊಡನೆ ರಕ್ತ ಏರಿತು. ಕೊನೆಗೆ ನಿಂತ ಎತ್ತರ, ಎಡ ಹೃತ್ಕುಕ್ಷಿಯ (ಹೃದಯದ ಎಡ ಕೆಳಕೋಣೆಯ) ಮಟ್ಟದಿಂದ ಎಂಟಡಿ ಮೂರಿಂಚು.

"ಎಡ ಹೃತ್ಕುಕ್ಷಿಯ ಮಟ್ಟದಿಂದ" ಎನ್ನುವ ಮಾತನ್ನು ಹಾಗೇ ದಾಟಿಬಿಡಬಾರದು. ಕೊಳವೆ ಚುಚ್ಚಿದ್ದು ತೊಡೆಗೆ, ಅಳತೆ ಶುರುವಾದದ್ದು ಹೃದಯದಿಂದ. ನಿಂತ ದ್ರವದಲ್ಲಿ ಒತ್ತಡವನ್ನು ನಿರ್ಧರಿಸುವುದು ಆಳ, ದ್ರವದ ಸಾಂದ್ರತೆ ಮತ್ತು ಗುರುತ್ವ. ಕೊಳವೆ ಎಷ್ಟು ಅಗಲ ಎಂಬುದು ಲೆಕ್ಕಕ್ಕಿಲ್ಲ. ತೊಡೆಯ ಬದಲು ಕತ್ತಿಗೆ ಚುಚ್ಚಿದ್ದರೂ ಹೃದಯದ ಮಟ್ಟದಿಂದ ಅಳೆದಾಗ ರಕ್ತ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಬಂದು ನಿಲ್ಲುತ್ತಿತ್ತು. ನಾವು ಇಂದು ಇದೇ ನಿಯಮವನ್ನು ಮರೆತು ತಪ್ಪು ಬಿ.ಪಿ. ಓದುತ್ತೇವೆ. ಪಟ್ಟಿ ಕಟ್ಟಿದ ತೋಳು ಹೃದಯಕ್ಕಿಂತ 10 ಸೆಂ.ಮೀ. ಕೆಳಗೆ ಜೋತುಬಿದ್ದಿದ್ದರೆ ಓದು ಸುಮಾರು 8 ಮಿ.ಮೀ. ಪಾದರಸದಷ್ಟು (ಬಿ.ಪಿ. ಹೇಳುವ ಏಕಮಾನ ಇದು) ಹೆಚ್ಚು ಬರುತ್ತದೆ, ಮೇಲಿದ್ದರೆ ಅಷ್ಟೇ ಕಡಿಮೆ. ಕುರ್ಚಿಯಲ್ಲಿ ಕೂತು ಕೈಯನ್ನು ಪಕ್ಕಕ್ಕೆ ಇಳಿಬಿಟ್ಟವರಿಗೆ 132 ಕಾಣುವುದು 145 ಆಗಿಬಿಡಬಹುದು. ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಕೈಯಿಟ್ಟುಕೊಳ್ಳಿ ಎಂದು ಹೇಳುವುದು ಬರೀ ಶಿಸ್ತಿಗಲ್ಲ.

ಎಂಟಡಿ ಮೂರಿಂಚೆಂದರೆ 251 ಸೆಂ.ಮೀ. ಚಿಲ್ಲರೆ. ರಕ್ತ ನೀರಿಗಿಂತ ಸುಮಾರು 6 ಶೇಕಡಾ ಭಾರ, ಪಾದರಸ ನೀರಿಗಿಂತ 13.6 ಪಟ್ಟು ಭಾರ. ಲೆಕ್ಕ ಹಾಕಿದರೆ 196 ಮಿ.ಮೀ. ಪಾದರಸ ಬರುತ್ತದೆ. ನೆಮ್ಮದಿಯಾಗಿ ನಿಂತ ಕುದುರೆಯ ಸರಾಸರಿ ಒತ್ತಡ ಇದಕ್ಕಿಂತ ಬಹಳ ಕಡಿಮೆ, ನೂರರ ಮೇಲೆ ಚೂರುಪಾರು. ಹೇಲ್ಸ್‌ನ ಅಳತೆ ತಪ್ಪಿತೇ? ಇಲ್ಲ. ಆತನೇ ಬರೆದಿಟ್ಟಿದ್ದಾನೆ: ನೋವಿಲ್ಲದ, ಹೆದರದ ಕುದುರೆಯ ನಾಡಿ ನಿಮಿಷಕ್ಕೆ 36, ಇದರದ್ದು 55, ಕೆಲವೊಮ್ಮೆ 60, ಇನ್ನೂ ಹೆಚ್ಚು. ಅರಿವಳಿಕೆ ಬರಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬಾಕಿ. ಕೊಳವೆ ಅಳೆದದ್ದು ಗಾಬರಿಗೊಂಡ, ನೋಯುತ್ತಿರುವ ಪ್ರಾಣಿಯ ಒತ್ತಡವನ್ನು. ಬಿಳಿ ಕೋಟು ಕಂಡೊಡನೆ ಕೆಲವರ ಬಿ.ಪಿ. ಏರುತ್ತದಲ್ಲ, ಅದೇ ಹಾದಿಯ ತೀರಾ ಕ್ರೂರವಾದ ತುದಿ ಇದು.

ರಕ್ತ ಏರಿದ ಬಗೆ

ಅಂತಿಮ ಎತ್ತರಕ್ಕಿಂತ ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ರಕ್ತ ಅಲ್ಲಿಗೆ ಹೋದ ಬಗೆ. ಮೊದಲು ಒಂದೇ ನೆಗೆತಕ್ಕೆ ಅರ್ಧದಷ್ಟು. ಆಮೇಲೆ ಒಂದೊಂದು ಮಿಡಿತಕ್ಕೆ 12 ಇಂಚು, 8, 6, 4, 2, ಕೆಲವೊಮ್ಮೆ 1. ಬರೆದವನಿಗೆ ಕಣ್ಣು ಎಷ್ಟು ಚುರುಕಾಗಿತ್ತೆಂದರೆ, ಈ ಸಾಲನ್ನು ಇಂದಿನ ವಿದ್ಯಾರ್ಥಿ ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ನಯವಾದ ವಕ್ರರೇಖೆಯೇ ಸಿಗುತ್ತದೆ.

ರಕ್ತವನ್ನು ಮೇಲಕ್ಕೆ ತಳ್ಳುವುದು ಅಪಧಮನಿಯ ಒತ್ತಡವಷ್ಟೇ ಅಲ್ಲ. ಆ ಒತ್ತಡಕ್ಕೂ ಕೊಳವೆಯೊಳಗೆ ಆಗಲೇ ನಿಂತಿರುವ ರಕ್ತದ ಭಾರಕ್ಕೂ ಇರುವ ಅಂತರ. ಕಂಬ ಏರಿದಷ್ಟೂ ಅಂತರ ಕುಗ್ಗುತ್ತದೆ, ಅಂತರ ಕುಗ್ಗಿದಷ್ಟೂ ಏರಿಕೆ ನಿಧಾನವಾಗುತ್ತದೆ. ಇದರ ಜತೆಗೆ ಸಪೂರ ಕೊಳವೆಯ ಗೋಡೆಗೆ ರಕ್ತ ಉಜ್ಜುವ ತಡೆ. ಎರಡೂ ಸೇರಿ, ಪ್ರತಿ ಮಿಡಿತಕ್ಕೂ ಉಳಿದ ದೂರದ ಮೂರನೇ ಒಂದು ಭಾಗದಷ್ಟು ಮಾತ್ರ ಕ್ರಮಿಸುವ ಹಾಗಾಗಿದೆ. ದ್ರವ ಹರಿಯುವುದು ಒತ್ತಡ ಇರುವುದರಿಂದಲ್ಲ, ಎರಡು ತುದಿಗಳ ಒತ್ತಡ ಬೇರೆಬೇರೆ ಇರುವುದರಿಂದ. ಹರಿವಿನ ಶಾಸ್ತ್ರದ ಬುಡವೇ ಇದು.

ತುದಿ ತಲುಪಿದ ಮೇಲೂ ರಕ್ತ ಸುಮ್ಮನಿರಲಿಲ್ಲ. ಪ್ರತಿ ಮಿಡಿತಕ್ಕೆ ಎರಡರಿಂದ ನಾಲ್ಕಿಂಚು ಏರಿಳಿಯಿತು. ಪಾದರಸದ ಲೆಕ್ಕದಲ್ಲಿ 4ರಿಂದ 8 ಮಿ.ಮೀ. ಆದರೆ ನಮ್ಮ 120/80ರಲ್ಲಿ ಮೇಲಿನದಕ್ಕೂ ಕೆಳಗಿನದಕ್ಕೂ 40ರ ವ್ಯತ್ಯಾಸವಿರುತ್ತದೆ. ಕುದುರೆಯಲ್ಲೂ ಏರಿಳಿತ 8ಕ್ಕೆ ನಿಲ್ಲುವಂಥದ್ದಲ್ಲ. ಎರಡೂವರೆ ಮೀಟರ್ ಉದ್ದದ ರಕ್ತದ ಕಂಬಕ್ಕೆ ತನ್ನದೇ ಜಡತೆಯಿದೆ, ಘರ್ಷಣೆಯಿದೆ. ಕ್ಷಣದಲ್ಲಿ ಬಂದುಹೋಗುವ ತುದಿಯೊತ್ತಡವನ್ನು ಹಿಂಬಾಲಿಸಲು ಅದಕ್ಕೆ ಪುರಸೊತ್ತಿಲ್ಲ. ಹೇಲ್ಸ್ ಅಳೆದದ್ದು ಸರಾಸರಿ ಒತ್ತಡ. ಮೇಲಿನ ಅಂಕಿ, ಕೆಳಗಿನ ಅಂಕಿ ಎಂಬ ಜೋಡಿ ಆತನಿಗೆ ಕಾಣುವಂತಿರಲಿಲ್ಲ.

ಇನ್ನೊಂದು ಏರಿಳಿತ ನಿಧಾನದ್ದು. ಕೆಲವೊಮ್ಮೆ ಕಂಬ 12–14 ಇಂಚು ಕುಸಿದು, ಅಲ್ಲೇ ಮಿಡಿಯುತ್ತಿದ್ದು, ನಲವತ್ತು ಐವತ್ತು ಮಿಡಿತಗಳಾದ ಮೇಲೆ ಮತ್ತೆ ಹಳೇ ಎತ್ತರಕ್ಕೆ ಬರುತ್ತಿತ್ತು. ಅಂದರೆ ಸುಮಾರು ಒಂದು ನಿಮಿಷದೊಳಗೆ 25 ಮಿ.ಮೀ. ಪಾದರಸದ ಹೊಯ್ದಾಟ. ಒಂದೇ ಸಲ ಅಳೆದು ಬಂದ ಅಂಕಿಯನ್ನು ಹಿಡಿದು ಕಂಗಾಲಾಗುವವರಿಗೆ ಈ ಸಾಲನ್ನು ಓದಿಸಬೇಕು.

ಎಂಟಡಿಯ ಒತ್ತಡ, ಎರಡಡಿಯ ಚಿಲುಮೆ

ಈಗ ಪ್ರಕರಣದ ಒಗಟು. ಗಾಜಿನ ಕೊಳವೆ ತೆಗೆದು, ರಕ್ತವನ್ನು ನೇರ ಗಾಳಿಗೆ ಚಿಮ್ಮಲು ಬಿಟ್ಟಾಗ ಅದು ಎರಡಡಿಗಿಂತ ಮೇಲೆ ಹೋಗಲಿಲ್ಲ. ಎಂಟೂಕಾಲಡಿ ಕಂಬವನ್ನು ಹೊತ್ತು ನಿಲ್ಲುವ ಒತ್ತಡ, ಚಿಲುಮೆಯಾಗಿ ಏಕೆ ಅಷ್ಟೆತ್ತರ ಹಾರಲಿಲ್ಲ?

ಬೀದಿ ನಲ್ಲಿಯ ಬಾಯಿಗೆ ಹೆಬ್ಬೆರಳೊತ್ತಿ ಹಿಡಿದರೆ ನೀರು ಬೆರಳನ್ನೇ ತಳ್ಳುತ್ತದೆ. ಬೆರಳು ತೆಗೆದರೆ ಸೊರಗಿ ಸುರಿಯುತ್ತದೆ. ನಿಂತ ದ್ರವ ಒತ್ತಡವನ್ನು ಪೂರ್ತಿ ತುದಿಗೆ ಮುಟ್ಟಿಸುತ್ತದೆ. ಹರಿಯತೊಡಗಿದ ದ್ರವ ದಾರಿಯುದ್ದಕ್ಕೂ ಅದನ್ನು ಖರ್ಚು ಮಾಡುತ್ತ ಬರುತ್ತದೆ. ಎರಡಡಿ ಚಿಮ್ಮಬೇಕಾದರೆ ನಳಿಕೆಯ ಬಾಯಲ್ಲಿ ವೇಗ ಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್ ಇರಬೇಕು. ಅಷ್ಟು ಸಪೂರ ನಳಿಕೆಯಲ್ಲಿ ಆ ವೇಗಕ್ಕೆ ಹರಿವು ಪದರ ಪದರವಾಗಿ ಉಳಿಯದೆ ಸುಳಿಯೆದ್ದು ಕದಡುತ್ತದೆ. ಉಳಿದ ಆರಡಿಯಷ್ಟು ಶಕ್ತಿ ಹೆಚ್ಚಾಗಿ ಆ ಕದಡಿಕೆಯಲ್ಲಿ, ಘರ್ಷಣೆಯಲ್ಲಿ ಕರಗಿತು. ಬೀಳುವ ಹನಿಗಳು ಏಳುವ ಹನಿಗಳಿಗೆ ಅಡ್ಡ ಬರುವುದೂ ಒಂದಿಷ್ಟು ಕಾರಣ.

ಒತ್ತಡವೂ ವೇಗವೂ ಒಂದೇ ಶಕ್ತಿಯ ಎರಡು ವೇಷ ಎಂಬುದನ್ನು ಸೂತ್ರಕ್ಕಿಳಿಸಿದ ಸ್ವಿಸ್ ಗಣಿತಜ್ಞ ಡೇನಿಯಲ್ ಬರ್ನೂಲಿಯ ಗ್ರಂಥ ಬಂದದ್ದು ಹೇಲ್ಸ್‌ನ ವರದಿಯ ಐದು ವರ್ಷದ ನಂತರ, 1738ರಲ್ಲಿ. ಬರ್ನೂಲಿಯೂ ವೈದ್ಯಕೀಯ ಓದಿದವನೇ. ಆರೋಗ್ಯವಂತ ಮನುಷ್ಯನ ಮಹಾಪಧಮನಿಯಲ್ಲಿ, ಅಂದರೆ ಹೃದಯದಿಂದ ನೇರ ಹೊರಡುವ ದೊಡ್ಡ ನಾಳದಲ್ಲಿ, ರಕ್ತದ ಗರಿಷ್ಠ ವೇಗ ಸೆಕೆಂಡಿಗೆ ಒಂದು ಮೀಟರ್ ಆಸುಪಾಸು, ವೇಗದ ಪಾಲಿನ ಶಕ್ತಿ ಬರೀ 4 ಮಿ.ಮೀ. ಪಾದರಸಕ್ಕೆ ಸಮ. ಅದೇ ಮಹಾಪಧಮನಿಯ ಕವಾಟ ಗಟ್ಟಿಯಾಗಿ ಕಿರಿದಾದರೆ ವೇಗ ಸೆಕೆಂಡಿಗೆ 4 ಮೀಟರಿಗೆ ಏರಬಹುದು. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಕವಾಟದ ಆಚೀಚಿನ ಒತ್ತಡದ ಅಂತರ ಬರುತ್ತದೆ, ಇಲ್ಲಿ 64. ಶಬ್ದತರಂಗದಿಂದ ಹೃದಯ ನೋಡುವ ಎಕೋ ಪರೀಕ್ಷೆಯವರು ಸೂಜಿ ಚುಚ್ಚದೆ ಕವಾಟದ ಇಕ್ಕಟ್ಟನ್ನು ಅಂದಾಜಿಸುವುದು ಹೀಗೆ.

ಏಳಡಿ ಎಲ್ಲಿ ಕರಗಿತು

ಹೇಲ್ಸ್ ಅಪಧಮನಿಗೆ ಮಾತ್ರ ನಿಲ್ಲಲಿಲ್ಲ. ಮತ್ತೊಂದು ಕುದುರೆಯ ಕತ್ತಿನ ಅಭಿಧಮನಿಗೂ ಕೊಳವೆ ಹಾಕಿದ. ಅಲ್ಲಿ ರಕ್ತ ಏರಿದ್ದು ಒಂದಡಿಯ ಆಸುಪಾಸು. ಪ್ರಾಣಿ ಮುಕ್ಕಿರಿದಾಗ ಮಾತ್ರ ಅದಕ್ಕಿಂತ ಬಹಳ ಮೇಲೆ. ಹೃದಯದಿಂದ ಹೊರಟಾಗ ಎಂಟಡಿ, ಹೃದಯಕ್ಕೆ ಮರಳುವಾಗ ಒಂದಡಿ. ನಡುವಿನ ಏಳಡಿ ಎಲ್ಲಿ ಖರ್ಚಾಯಿತು?

ದೊಡ್ಡ ಅಪಧಮನಿಗಳಲ್ಲಂತೂ ಅಲ್ಲ. ಎದೆಯಿಂದ ತೊಡೆಯವರೆಗೆ ಬರುವಷ್ಟರಲ್ಲಿ ಸರಾಸರಿ ಒತ್ತಡ ಕುಗ್ಗುವುದು ತೀರಾ ಅಲ್ಪ. ಆದ್ದರಿಂದಲೇ ತೊಡೆಯಲ್ಲಿ ಅಳೆದದ್ದನ್ನು ಹೃದಯದ ಲೆಕ್ಕಕ್ಕೆ ಹಿಡಿಯಬಹುದಾಯಿತು. ಖರ್ಚಾಗುವುದು ಮುಖ್ಯವಾಗಿ ಕಿರು ಅಪಧಮನಿಗಳಲ್ಲಿ, ಕೂದಲಿಗಿಂತ ಸಪೂರವಾದ ಲೋಮನಾಳಗಳಿಗೆ ಸ್ವಲ್ಪ ಮುಂಚೆ. ಲೋಮನಾಳಗಳು ಇನ್ನೂ ಸಪೂರ, ನಿಜ. ಆದರೆ ಅವು ಕೋಟಿಗಟ್ಟಲೆ ಸಾಲಾಗಿ ಪಕ್ಕಪಕ್ಕ ತೆರೆದುಕೊಳ್ಳುವುದರಿಂದ ಒಟ್ಟು ತಡೆ ಕಡಿಮೆ.

ಕೊಳವೆಯ ತಡೆಗೂ ಅದರ ಅಗಲಕ್ಕೂ ಇರುವ ಸಂಬಂಧವನ್ನು 1840ರ ದಶಕದಲ್ಲಿ ಫ್ರಾನ್ಸಿನ ವೈದ್ಯ ಝಾಂ ಪ್ವಾಸ್ಯೂ ಗಾಜಿನ ಕೂದಲೆಳೆಯ ಕೊಳವೆಗಳಲ್ಲಿ ದ್ರವ ಹರಿಸಿ ಕಂಡುಹಿಡಿದ. ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತ. ಈ ನಾಲ್ಕರ ಮಹಿಮೆ ಸಣ್ಣದಲ್ಲ. ನಾಳ 10 ಶೇಕಡಾ ಬಿಗಿದರೆ ತಡೆ ಒಂದೂವರೆ ಪಟ್ಟು. 16 ಶೇಕಡಾ ಬಿಗಿದರೆ ಎರಡು ಪಟ್ಟು. ಅರ್ಧಕ್ಕೆ ಬಿಗಿದರೆ ಹದಿನಾರು ಪಟ್ಟು. ಕಿರು ಅಪಧಮನಿಯ ಗೋಡೆಯಲ್ಲಿ ಸ್ನಾಯುವಿದೆ, ನರವಿದೆ; ಹೆದರಿಕೆ, ಚಳಿ, ನೋವಿಗೆ ಅದು ಬಿಗಿಯುತ್ತದೆ. ಹೃದಯ ಅಷ್ಟೇ ರಕ್ತ ಪಂಪು ಮಾಡುತ್ತಿದ್ದರೂ ಒತ್ತಡ ಏರಲು ಕೂದಲೆಳೆಯಷ್ಟು ಬಿಗಿತ ಸಾಕು. ಕಟ್ಟಿಹಾಕಿದ ಕುದುರೆಯ 196ರಲ್ಲಿ ಇದರ ಪಾಲು ದೊಡ್ಡದು.

ರಕ್ತ ನೀರಲ್ಲ, ಕಣಗಳು ತುಂಬಿದ ದ್ರವ. ಮಿಡಿಯುತ್ತ ಹರಿಯುತ್ತದೆ, ನಾಳಗಳೂ ಗಾಜಿನವಲ್ಲ. ಪ್ವಾಸ್ಯೂವಿನ ನಿಯಮ ದೇಹದಲ್ಲಿ ಅಕ್ಷರಶಃ ನಡೆಯುವುದಿಲ್ಲ. ಒಂದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಸಪೂರ ಕೊಳವೆಯಲ್ಲಿ ಕೆಂಪು ರಕ್ತಕಣಗಳು ನಡುವಿಗೆ ಸರಿದು, ರಕ್ತ ಇದ್ದದ್ದಕ್ಕಿಂತ ತೆಳುವಾದಂತೆ ಹರಿಯುತ್ತದೆಂದು 1931ರಲ್ಲಿ ಸ್ವೀಡನ್ನಿನ ಸಂಶೋಧಕರಾದ ಫೋರಿಯಸ್ ಮತ್ತು ಲಿಂಡ್‌ಕ್ವಿಸ್ಟ್ ತೋರಿಸಿದರು. ಆದರೂ ಆ ನಾಲ್ಕನೇ ಘಾತದ ಬುದ್ಧಿ ಅಳಿಯುವುದಿಲ್ಲ.

ತಡೆ ಎಲ್ಲಿದೆ ಎಂದು ಹೇಲ್ಸ್ ಊಹಿಸಿ ಸುಮ್ಮನಾಗಲಿಲ್ಲ. ಸತ್ತ ನಾಯಿಯ ಮಹಾಪಧಮನಿಗೆ ಎತ್ತರದಿಂದ ನೀರು ಹರಿಸಿ, ಕರುಳನ್ನು ಉದ್ದಕ್ಕೆ ಸೀಳಿ, ಕತ್ತರಿಸಿದ ಸಣ್ಣ ನಾಳಗಳಿಂದ ನೀರು ಹೊರಬರಲು ಎಷ್ಟು ಹೊತ್ತು ಬೇಕೆಂದು ಎಣಿಸಿದ. ಬಿಸಿನೀರಿಗೆ ಬೇಗ, ತಣ್ಣೀರಿಗೆ ನಿಧಾನ. ಬ್ರಾಂಡಿ ಹರಿಸಿದರೆ ನಾಳಗಳು ಬಿಗಿದು ಹರಿವು ಇನ್ನೂ ಕುಂಠಿತ. (ಪಾದ್ರಿಗೆ ಇದು ಹಬ್ಬವಾಗಿರಬೇಕು, ಆತ ಮದ್ಯದ ವಿರುದ್ಧ ಕರಪತ್ರ ಬರೆದು ಹಂಚಿದವನು.) ತಣ್ಣೀರಿನ ನಿಧಾನಕ್ಕೆ ನೀರಿನ ಸ್ನಿಗ್ಧತೆ (ಹರಿಯಲು ಒಡ್ಡುವ ಒಳತಡೆ) ಹೆಚ್ಚುವುದೂ ಕಾರಣ, ಎರಡನ್ನೂ ಬಿಡಿಸುವ ಸಾಧನ ಆಗ ಇರಲಿಲ್ಲ.

ಮಿಡಿತ ನಯವಾಗುವುದು

ಹೃದಯ ರಕ್ತವನ್ನು ಬಿಟ್ಟು ಬಿಟ್ಟು ದೂಡುತ್ತದೆ, ಸಣ್ಣ ನಾಳಗಳಲ್ಲಿ ಅದು ಬಿಡದೆ ಹರಿಯುತ್ತದೆ. ಇದಕ್ಕೆ ಹೇಲ್ಸ್ ಕೊಟ್ಟ ವಿವರಣೆ ಆಗಿನ ಬೆಂಕಿ ನಂದಿಸುವ ಪಂಪಿನದ್ದು: ಅದರ ಮುಚ್ಚಿದ ಗುಮ್ಮಟದೊಳಗಿನ ಗಾಳಿ ಪಂಪಿನ ಏಟಿಗೆ ಕುಗ್ಗಿ, ಏಟುಗಳ ನಡುವೆ ಹಿಗ್ಗಿ ನೀರನ್ನು ಸತತವಾಗಿ ಚಿಮ್ಮಿಸುತ್ತದೆ. ಅಪಧಮನಿಯ ಹಿಗ್ಗುವ ಗೋಡೆ ಆ ಗಾಳಿಯ ಕೆಲಸ ಮಾಡುತ್ತದೆ. 1899ರಲ್ಲಿ ಜರ್ಮನಿಯ ಒಟ್ಟೋ ಫ್ರಾಂಕ್ ಇದಕ್ಕೆ ಗಣಿತ ಕಟ್ಟಿದ. ವಯಸ್ಸಾದಂತೆ ಮಹಾಪಧಮನಿಯ ಗೋಡೆ ಬಿರುಸಾಗಿ, ಅದು ಹಿಗ್ಗುವುದು ಕಡಿಮೆಯಾದರೆ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಎಪ್ಪತ್ತು ದಾಟಿದವರಲ್ಲಿ 160/70 ಕಂಡರೆ "ಕೆಳಗಿನದು ಚೆನ್ನಾಗಿದೆಯಲ್ಲ" ಎಂದು ಸಮಾಧಾನ ಪಡುವುದು ಸರಿಯಲ್ಲ. ಆ 90ರ ಅಂತರವೇ ಗೋಡೆಯ ಬಿರುಸಿನ ಗುರುತು.

ಕುದುರೆಯ ಕೊನೆ

ಮುಂದಿನ ಭಾಗ ಓದಲು ಹಿತವಲ್ಲ. ಹೇಲ್ಸ್ ಒಂದೊಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ರಕ್ತ ಹರಿಸುತ್ತ, ಪ್ರತಿ ಸಲವೂ ಕೊಳವೆ ಮರುಜೋಡಿಸಿ ಎತ್ತರ ಬರೆದುಕೊಂಡ. ಎಂಟು ಕ್ವಾರ್ಟಿನ ನಂತರ ಅಳತೆಗಳನ್ನು ಇನ್ನೂ ಹತ್ತಿರ ಮಾಡಿದ. ಕೊನೆಗೆ ಮೈಯೆಲ್ಲ ತಣ್ಣನೆಯ ಜಿಗುಟು ಬೆವರಿಟ್ಟು ಕುದುರೆ ಸತ್ತಿತು. ಆ ಕಾಲದಲ್ಲೂ ಇದಕ್ಕೆ ಎದುರಾಡಿದವರಿದ್ದರು. ಹತ್ತಿರದ ಟ್ವಿಕನ್‌ಹ್ಯಾಮ್‌ನಲ್ಲಿದ್ದ ಕವಿ ಅಲೆಕ್ಸಾಂಡರ್ ಪೋಪ್ ಹೇಲ್ಸ್‌ನನ್ನು ಇಷ್ಟಪಡುತ್ತಲೇ ಆತನ ಪ್ರಾಣಿಪ್ರಯೋಗಗಳನ್ನು ಕ್ರೌರ್ಯವೆಂದೇ ಕರೆದ. ನನಗೂ ಪೋಪನ ಮಾತಿನಲ್ಲಿ ತಪ್ಪು ಕಾಣುವುದಿಲ್ಲ.

ಆದರೆ ಹೇಲ್ಸ್ ಬರೆದುಕೊಂಡ ಆ ಎತ್ತರಗಳ ಪಟ್ಟಿ ಹೇಳುವ ಸಂಗತಿ ಇಂದಿಗೂ ತುರ್ತು ಚಿಕಿತ್ಸೆಯ ಮೊದಲ ಪಾಠ. ರಕ್ತ ಹೋದ ಅಳತೆಗೆ ತಕ್ಕಂತೆ ಎತ್ತರ ಇಳಿಯಲಿಲ್ಲ. ಒಮ್ಮೊಮ್ಮೆ ಹಿಂದಿನದಕ್ಕಿಂತ ಏರಿದ್ದೂ ಉಂಟು. ಒತ್ತಡವೆಂದರೆ ಹರಿವು ಗುಣಿಸು ತಡೆ. ರಕ್ತ ಸೋರಿ ಹರಿವು ಕುಗ್ಗಿದಾಗ ದೇಹ ಕಿರು ಅಪಧಮನಿಗಳನ್ನು ಬಿಗಿದು ತಡೆ ಏರಿಸುತ್ತದೆ, ಗುಣಲಬ್ಧ ಸ್ವಲ್ಪ ಹೊತ್ತು ಹಾಗೇ ಉಳಿಯುತ್ತದೆ. ಬಿಗಿಯಲು ಇನ್ನೇನೂ ಉಳಿಯದಾದಾಗ ಒಮ್ಮೆಲೇ ಕುಸಿಯುತ್ತದೆ. ಅಪಘಾತದಲ್ಲಿ ಗಾಯಗೊಂಡವರ ಬಿ.ಪಿ. ಸರಿಯಿದೆ ಎಂದು ನಿಶ್ಚಿಂತರಾಗಬಾರದು, ನಾಡಿಯ ವೇಗವನ್ನೂ ಚರ್ಮದ ತಣ್ಪನ್ನೂ ನೋಡಬೇಕು ಎನ್ನುವುದು ಇದಕ್ಕೇ.

ಮನುಷ್ಯನ ವಿಷಯಕ್ಕೆ ಬಂದಾಗ ಹೇಲ್ಸ್ ಎಡವಿದ. ಪ್ರಾಣಿಗಳ ಅಳತೆಯಿಂದ ಅಂದಾಜು ಕಟ್ಟಿ, ನಮ್ಮ ರಕ್ತ ಏಳೂವರೆ ಅಡಿ ಏರಬಹುದೆಂದ. ಅದು 178 ಮಿ.ಮೀ. ಪಾದರಸವಾಗುತ್ತದೆ. ಆರೋಗ್ಯವಂತರ ಸರಾಸರಿ ಒತ್ತಡ 95ರ ಸುಮಾರು, ರಕ್ತದ ಕಂಬವಾದರೆ ನಾಲ್ಕಡಿ. ಆತನ ಅಂದಾಜಿನೊಳಗೆ ಕಟ್ಟಿಹಾಕಿದ ಪ್ರಾಣಿಗಳ ಭಯವೂ ಸೇರಿಕೊಂಡಿತ್ತು.

ಒಂಬತ್ತಡಿ ಗಾಜನ್ನು ಯಾವ ರೋಗಿಯ ಪಕ್ಕವೂ ನಿಲ್ಲಿಸಲಾಗದು. 1828ರಲ್ಲಿ ಪ್ವಾಸ್ಯೂ ಪಾದರಸ ತುಂಬಿದ, ಇಂಗ್ಲಿಷ್ ಯು ಅಕ್ಷರದಾಕಾರದ ಕೊಳವೆ ಬಳಸಿ, ರಕ್ತ ಹೆಪ್ಪುಗಟ್ಟದಂತೆ ಪೊಟ್ಯಾಸಿಯಂ ಕಾರ್ಬೊನೇಟ್ ಸೇರಿಸಿ ಉಪಕರಣವನ್ನು ಮೇಜಿನಳತೆಗೆ ಇಳಿಸಿದ, "ಮಿ.ಮೀ. ಪಾದರಸ" ಎಂಬ ಏಕಮಾನ ಅಲ್ಲಿಂದ ನಡೆದು ಬಂದದ್ದು. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಗಾಳಿಪಟ್ಟಿ ಕಟ್ಟಿದ, 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಆ ಪಟ್ಟಿಯ ಕೆಳಗೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳಿದ. ಅದುಮಿದ ನಾಳ ತುಸು ತೆರೆದಾಗ ನುಗ್ಗುವ ರಕ್ತ ಕದಡಿ, ಗೋಡೆ ಅದುರಿ ಹುಟ್ಟುವ ಸದ್ದು ಅದು. ಬಿ.ಪಿ.ಗೆಂದು ಇಂದು ಸಾಮಾನ್ಯವಾಗಿ ಬರೆದುಕೊಡುವ ಆಮ್ಲೋಡಿಪಿನ್ ಮಾತ್ರೆ ಪಂಪಿನ ಗೋಜಿಗೆ ಹೆಚ್ಚು ಹೋಗುವುದಿಲ್ಲ. ಕಿರು ಅಪಧಮನಿಗಳ ಗೋಡೆಯ ಸ್ನಾಯುವಿಗೆ ಕ್ಯಾಲ್ಸಿಯಂ ಹೋಗುವ ದಾರಿಯನ್ನು ತಡೆದು ಅದನ್ನು ತುಸು ಸಡಿಲಿಸುತ್ತದೆ. ತ್ರಿಜ್ಯ ಕೆಲವೇ ಶೇಕಡಾ ಹಿಗ್ಗುತ್ತದೆ, ನಾಲ್ಕನೇ ಘಾತ ಉಳಿದದ್ದನ್ನು ಮಾಡುತ್ತದೆ.